ಎತ್ತರದ ಹಿಮಾಲಯದಲ್ಲಿ ಗೈಡ್ ಜೊತೆ ಮೌಂಟನ್ ಬೈಕಿಂಗ್: ಪುಣೆ, ಮುಂಬೈಯ ನುರಿತ ಸವಾರರಿಗೆ ಹಂತ ಹಂತದ ಮಾರ್ಗದರ್ಶಿ

ಪುಣೆ ಮತ್ತು ಮುಂಬೈಯಲ್ಲಿ ನೆಲೆಸಿರುವ ಕನ್ನಡಿಗ ಸೈಕಲ್ ಸವಾರರು ಬೇಸಿಗೆ ಹತ್ತಿರವಾಗುತ್ತಿದ್ದಂತೆ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಲಡಾಖ್, ಸ್ಪಿತಿ ಅಥವಾ ನೇಪಾಳಕ್ಕೆ ಗೈಡ್ ಇರುವ ಮೌಂಟನ್ ಬೈಕಿಂಗ್ ಪ್ರವಾಸಕ್ಕೆ ಹೊರಡಬೇಕೆಂದಿದ್ದೇವೆ, ಯಾವ ಸೈಕಲ್ ಒಯ್ಯಬೇಕು, ಎಷ್ಟು ತಿಂಗಳ ತಯಾರಿ ಬೇಕು, ಯಾವ ಸಂಸ್ಥೆಯನ್ನು ನಂಬಬಹುದು ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಕ್ರಮವಾಗಿ ಉತ್ತರಿಸಿದ್ದೇನೆ. ಆದರೆ ಅವುಗಳಿಗಿಂತ ಮೊದಲು ಕೇಳಬೇಕಾದ, ಬಹುಪಾಲು ಜನ ಕೇಳದೇ ಬಿಡುವ ಇನ್ನೊಂದು ಪ್ರಶ್ನೆಯಿದೆ: ಪ್ರತಿ ರಾತ್ರಿ ನಾವು ಮಲಗುವ ಜಾಗದ ಎತ್ತರವೆಷ್ಟು?

ನುರಿತ ಸವಾರರು ಇಂಥ ಪ್ರವಾಸಗಳಲ್ಲಿ ತೊಂದರೆಗೆ ಸಿಲುಕುವುದು ಕಾಲಿನ ಬಲ ಸಾಲದೆ ಅಲ್ಲ. ಶರೀರವು ತೆಳುವಾದ ಗಾಳಿಗೆ ಒಗ್ಗಿಕೊಳ್ಳುವ ಮೊದಲೇ ಬಲಿಷ್ಠವಾದ ಕಾಲುಗಳು ಅವರನ್ನು ಮೇಲಕ್ಕೆ ಒಯ್ದುಬಿಡುತ್ತವೆ. ದೈಹಿಕ ಸಾಮರ್ಥ್ಯ ಎಷ್ಟೇ ಇದ್ದರೂ ಅದು ಎತ್ತರದ ಕಾಯಿಲೆಯಿಂದ ರಕ್ಷಣೆ ಕೊಡುವುದಿಲ್ಲ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹಂತಗಳನ್ನು ಓದಿ.

ಹಂತ 1: ನಿಮ್ಮ ಮಟ್ಟವನ್ನು ಪ್ರಾಮಾಣಿಕವಾಗಿ ಅಳೆಯಿರಿ

ಪ್ರವಾಸ ಸಂಸ್ಥೆಗಳು "ನುರಿತವರಿಗೆ ಮಾತ್ರ" ಎಂದು ಬರೆಯುವಾಗ ಒಂದೊಂದು ಸಂಸ್ಥೆಯ ಅರ್ಥವೂ ಒಂದೊಂದು ಬಗೆ. ಸಿಂಗಲ್ ಟ್ರ್ಯಾಕ್ ಎಂದರೆ ಒಬ್ಬ ಸವಾರ ಮಾತ್ರ ಸಾಗಬಲ್ಲಷ್ಟು ಅಗಲದ ಕಾಲುದಾರಿ. ಅದರ ಕಠಿಣತೆಯನ್ನು ಅಳೆಯಲು ಎಸ್0 ರಿಂದ ಎಸ್5 ರವರೆಗಿನ ಒಂದು ಶ್ರೇಣಿ ಬಳಕೆಯಲ್ಲಿದೆ. ಎಸ್2 ದಾರಿಯಲ್ಲಿ ಸಡಿಲ ಕಲ್ಲು, ಬೇರು, ಮೆಟ್ಟಿಲಿನಂಥ ಇಳಿತಗಳು ಇರುತ್ತವೆ. ಎಸ್3 ದಾರಿಯಲ್ಲಿ ದೊಡ್ಡ ಬಂಡೆಗಳು, ಎತ್ತರದ ಮೆಟ್ಟಿಲುಗಳು, ಬಹಳ ಇಕ್ಕಟ್ಟಾದ ಹೇರ್‌ಪಿನ್ ತಿರುವುಗಳು ಎದುರಾಗುತ್ತವೆ. ಸಂಸ್ಥೆಯವರು ತಮ್ಮದೇ ಶ್ರೇಣಿ ಬಳಸುತ್ತಿದ್ದರೆ, ಈ ಶ್ರೇಣಿಯಲ್ಲಿ ಅದು ಎಲ್ಲಿ ಬರುತ್ತದೆ ಎಂದು ಕೇಳಿ. ಜೊತೆಗೆ ಅದೇ ದಾರಿಯ ಕತ್ತರಿಸಿ ಜೋಡಿಸದ ವಿಡಿಯೊ ಇದ್ದರೆ ತರಿಸಿಕೊಂಡು ನೋಡಿ.

ನನ್ನ ಅಳತೆಗೋಲು ಇದು. ಸತತ ಎರಡು ದಿನ, ದಿನಕ್ಕೆ ಸುಮಾರು 1,500 ಮೀಟರ್ ಏರಿಕೆ ಮಾಡಿ ಮೂರನೆಯ ದಿನ ಬೆಳಿಗ್ಗೆ ಮತ್ತೆ ಸೈಕಲ್ ಹತ್ತುವ ಶಕ್ತಿ ನಿಮ್ಮಲ್ಲಿ ಉಳಿದಿರಬೇಕು. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಒಂದು ಗಂಟೆ ಇಳಿದರೂ ಬ್ರೇಕ್ ಹಿಡಿದ ಬೆರಳು ಸೋಲಬಾರದು. ಸೈಕಲನ್ನು ಹೆಗಲ ಮೇಲೆ ಹೊತ್ತು ಕಾಲ್ನಡಿಗೆಯಲ್ಲಿ ಏರುವುದು ಗೊತ್ತಿರಬೇಕು. ಟ್ಯೂಬ್‌ಲೆಸ್ ಟೈರಿನ ಪಂಕ್ಚರನ್ನು, ತುಂಡಾದ ಚೈನನ್ನು ಯಾರ ನೆರವಿಲ್ಲದೆ ಸರಿಪಡಿಸಲು ಬರಬೇಕು. ಇವುಗಳಲ್ಲಿ ಯಾವುದಾದರೂ ಬಾರದಿದ್ದರೆ ಪ್ರವಾಸವನ್ನು ಒಂದು ವರ್ಷ ಮುಂದೂಡುವುದರಲ್ಲಿ ನಷ್ಟವೇನೂ ಇಲ್ಲ.

ಹಂತ 2: ಪ್ರದೇಶ ಮತ್ತು ಋತುವನ್ನು ಆರಿಸಿಕೊಳ್ಳಿ

ಲಡಾಖ್‌ಗೆ ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಅವಧಿ ಸೂಕ್ತ. ಅದು ಮಳೆಯ ಮರೆಯ ಪ್ರದೇಶವಾದ್ದರಿಂದ ನಮ್ಮಲ್ಲಿ ಸಹ್ಯಾದ್ರಿ ತೊಯ್ದು ತೊಪ್ಪೆಯಾಗಿರುವಾಗಲೂ ಅಲ್ಲಿ ದಾರಿಗಳು ಒಣಗಿರುತ್ತವೆ. ಆದರೆ ಮನಾಲಿಯ ಕಡೆಯಿಂದ ಹೋಗುವವರಿಗೆ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಭೂಕುಸಿತದ ಅಪಾಯವಿದೆ. ಹಾಗಾಗಿ ಮನಾಲಿ–ಲೇಹ್ ಮಾರ್ಗಕ್ಕೆ ಸೆಪ್ಟೆಂಬರ್ ತಿಂಗಳನ್ನೇ ಸೂಚಿಸುತ್ತೇನೆ. ಚಳಿ ತುಸು ಹೆಚ್ಚಿದ್ದರೂ ಆಕಾಶ ತಿಳಿಯಾಗಿರುತ್ತದೆ, ಹಿಮ ಕರಗಿ ಹರಿಯುವ ತೊರೆಗಳ ರಭಸವೂ ಇಳಿದಿರುತ್ತದೆ.

ನೇಪಾಳದ ಅನ್ನಪೂರ್ಣ ಮತ್ತು ಮುಸ್ತಾಂಗ್ ಭಾಗಕ್ಕೆ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಸಿಂಗಲ್ ಟ್ರ್ಯಾಕ್ ಇಳಿತಗಳನ್ನೇ ಮುಖ್ಯವಾಗಿ ಬಯಸುವವರಿಗೆ ನನ್ನ ಮೊದಲ ಆಯ್ಕೆ ಇದೇ. ದೀರ್ಘವಾದ ಏರು, ನಿರ್ಜನ ಬಯಲು, ದಿನವಿಡೀ ಪೆಡಲ್ ತುಳಿಯುವ ಸುಖ ಬೇಕೆನ್ನುವವರಿಗೆ ಲಡಾಖ್ ಸರಿ. ಸ್ಪಿತಿ ಎರಡರ ನಡುವಿನದು. ಅಲ್ಲಿನ ಮುಖ್ಯ ಊರಾದ ಕಾಜಾದ ಮೇಲಿನ ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಹಳ್ಳಿಗಳ ಸುತ್ತಿನ ದಾರಿಗಳು 4,400 ಮೀಟರಿನ ಆಸುಪಾಸಿನಲ್ಲಿ ಹಾಯುತ್ತವೆ.

ಹಂತ 3: ರಾತ್ರಿಗಳ ಎತ್ತರದ ಪಟ್ಟಿ ಬರೆಯಿರಿ

ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ದಾಟುವ ಪಾಸ್‌ಗಳ ಎತ್ತರ. ಪಾಸ್ ಎಂದರೆ ಪರ್ವತಸಾಲನ್ನು ದಾಟುವ ದಾರಿಯ ನೆತ್ತಿ. ಬಾರಾಲಾಚಾ ಲಾ ಸುಮಾರು 4,890 ಮೀಟರ್, ಲಾಚುಲುಂಗ್ ಲಾ 5,060 ಮೀಟರಿನ ಆಸುಪಾಸು, ತಂಗ್ಲಂಗ್ ಲಾ 5,328 ಮೀಟರ್, ಖರ್ದುಂಗ್ ಲಾ 5,359 ಮೀಟರ್. (ಖರ್ದುಂಗ್ ಲಾ 5,600 ಮೀಟರಿಗೂ ಹೆಚ್ಚು ಎಂಬ ಹಳೆಯ ಫಲಕಗಳ ಲೆಕ್ಕ ಸರಿಯಲ್ಲ.) ಈ ಎತ್ತರಗಳಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಕ್ಕೆ ಬಂದಿರುತ್ತದೆ. ಆದರೂ ಪಾಸ್ ಮೇಲೆ ನೀವು ಕಳೆಯುವುದು ಹೆಚ್ಚೆಂದರೆ ಅರ್ಧ ಗಂಟೆ. ಶರೀರಕ್ಕೆ ನಿಜವಾದ ಪರೀಕ್ಷೆ ನಡೆಯುವುದು ರಾತ್ರಿ, ನಿದ್ದೆಯಲ್ಲಿ ಉಸಿರಾಟ ನಿಧಾನವಾದಾಗ.

ಪರ್ವತ ವೈದ್ಯಕೀಯದಲ್ಲಿ ಒಪ್ಪಿತವಾದ ನಿಯಮ ಸರಳವಾಗಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವು ಒಂದು ರಾತ್ರಿಗೂ ಮರು ರಾತ್ರಿಗೂ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು. ಒಂದು ಕಾಗದ ತೆಗೆದುಕೊಂಡು ಸಂಸ್ಥೆಯ ಕಾರ್ಯಕ್ರಮದ ಪ್ರತಿ ರಾತ್ರಿಯ ಎದುರು ಎತ್ತರ ಬರೆಯಿರಿ, ಪಕ್ಕದಲ್ಲಿ ಹಿಂದಿನ ರಾತ್ರಿಗಿಂತ ಎಷ್ಟು ಹೆಚ್ಚು ಎಂದು ಬರೆಯಿರಿ. ಹತ್ತು ನಿಮಿಷದ ಈ ಕೆಲಸ ನಿಮಗೆ ಸಂಸ್ಥೆಯ ಬಗ್ಗೆ ಯಾವ ಜಾಹೀರಾತಿಗಿಂತಲೂ ಹೆಚ್ಚು ತಿಳಿಸುತ್ತದೆ.

ಮನಾಲಿ–ಲೇಹ್ ಮಾರ್ಗವನ್ನೇ ಉದಾಹರಣೆಯಾಗಿ ನೋಡೋಣ. ಮನಾಲಿ ಸುಮಾರು 2,050 ಮೀಟರ್. ಮುಂದೆ ಮಢಿ ಸುಮಾರು 3,300, ರೋಹತಾಂಗ್ ಪಾಸ್ ದಾಟಿ ಇಳಿದ ಮೇಲೆ ಸಿಸ್ಸು ಸುಮಾರು 3,100, ಆನಂತರ ಜಿಸ್ಪಾ 3,200. ಇಲ್ಲಿಯವರೆಗೆ ಶರೀರಕ್ಕೆ ಉಸಿರಾಡಲು ಅವಕಾಶವಿದೆ. ಇದರ ಮುಂದಿನ ರಾತ್ರಿ ಝಿಂಗ್‌ಝಿಂಗ್‌ಬಾರ್‌ನಲ್ಲಾಗಲಿ ಸರ್ಚುವಿನಲ್ಲಾಗಲಿ ಬಿದ್ದರೆ ಎತ್ತರ ಸುಮಾರು 4,280 ಮೀಟರ್. ಅಂದರೆ ಒಂದೇ ದಿನದಲ್ಲಿ 1,000 ಮೀಟರಿಗೂ ಹೆಚ್ಚಿನ ಜಿಗಿತ. ಅನೇಕರು ತಲೆನೋವು, ವಾಂತಿಯಿಂದ ನರಳುವುದು ಸರ್ಚುವಿನ ಡೇರೆಗಳಲ್ಲೇ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ ಸರ್ಚು ಎರಡೂ ಕಡೆಯಿಂದ ಮುಚ್ಚಿಕೊಂಡ ಬಯಲು. ಕಾಯಿಲೆ ಬಿದ್ದವರನ್ನು ಕೆಳಗಿಳಿಸಬೇಕೆಂದರೆ ಹಿಂದಕ್ಕೆ 4,890 ಮೀಟರಿನ ಬಾರಾಲಾಚಾ ದಾಟಬೇಕು, ಮುಂದಕ್ಕಾದರೆ ನಕೀ ಲಾ, ಲಾಚುಲುಂಗ್ ಲಾ, ತಂಗ್ಲಂಗ್ ಲಾ ಮೂರನ್ನೂ ದಾಟಬೇಕು. ಇಳಿಯುವುದಕ್ಕಾಗಿ ಮೊದಲು ಏರಲೇಬೇಕಾದ ಜಾಗವದು.

ಆದ್ದರಿಂದ ಒಳ್ಳೆಯ ಕಾರ್ಯಕ್ರಮದಲ್ಲಿ ಜಿಸ್ಪಾದಲ್ಲಿ ಎರಡು ರಾತ್ರಿ ಇರುತ್ತದೆ. ನಡುವಿನ ದಿನ ಮೇಲಕ್ಕೆ ಸವಾರಿ ಮಾಡಿ ಮತ್ತೆ ಅಲ್ಲಿಗೇ ಇಳಿದು ಮಲಗುವ ಏರ್ಪಾಡು ಇರುತ್ತದೆ. ಸುಮಾರು 3,800 ಮೀಟರಿನ ಪಟ್ಸಿಯೊ ಅಥವಾ ದೀಪಕ್ ತಾಲ್ ಆಸುಪಾಸಿನಲ್ಲಿ ಇನ್ನೊಂದು ರಾತ್ರಿ ಸೇರಿರುತ್ತದೆ. ಇಂಥ ಕಾರ್ಯಕ್ರಮ ಎರಡು ದಿನ ಉದ್ದವಾಗುತ್ತದೆ. ಹಿಂಜೇವಾಡಿಯ ಕಂಪನಿಗಳಲ್ಲಿ ದುಡಿಯುವವರಿಗೆ ಆ ಎರಡು ದಿನದ ರಜೆ ಗಿಟ್ಟಿಸುವುದು ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಆದರೂ ರಜೆ ಸಿಗದಿದ್ದರೆ ಮಾರ್ಗವನ್ನು ಬದಲಿಸಿ, ರಾತ್ರಿಗಳನ್ನು ಕಡಿತಗೊಳಿಸಬೇಡಿ.

ಲೇಹ್‌ಗೆ ನೇರ ವಿಮಾನದಲ್ಲಿ ಹೋಗುವವರ ಲೆಕ್ಕ ಬೇರೆ. ಪುಣೆಯ 560 ಮೀಟರಿನಿಂದ, ಮುಂಬೈಯವರಾದರೆ ಸಮುದ್ರಮಟ್ಟದಿಂದ, ಕೆಲವೇ ಗಂಟೆಗಳಲ್ಲಿ 3,500 ಮೀಟರಿಗೆ ತಲುಪಿರುತ್ತೀರಿ. ಮೊದಲ ಎರಡು ದಿನ ಸಂಪೂರ್ಣ ವಿಶ್ರಾಂತಿ, ಮೂರನೆಯ ದಿನ ಸಿಂಧೂ ನದಿಯ ದಂಡೆಗುಂಟ ಶೇ, ಥಿಕ್ಸೆ ಕಡೆಗೆ ಸಮತಟ್ಟಾದ ಸವಾರಿ, ಇಷ್ಟಾದರೂ ಇರಲೇಬೇಕು. ಕೆಲವು ಸಂಸ್ಥೆಗಳು ಮೂರನೆಯ ದಿನವೇ ಜೀಪಿನಲ್ಲಿ ಖರ್ದುಂಗ್ ಲಾ ಮೇಲೆ ಬಿಟ್ಟು, ಪೆಡಲ್ ತುಳಿಯಬೇಕಿಲ್ಲವಲ್ಲ, ಬರೀ ಇಳಿಯುವುದು ತಾನೆ ಎನ್ನುತ್ತವೆ. ಇದನ್ನು ಒಪ್ಪಬೇಡಿ. ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದು ನಿರ್ಧಾರ ತೆಗೆದುಕೊಳ್ಳುವ ಶಕ್ತಿ, ವೇಗದ ಇಳಿಜಾರಿನಲ್ಲಿ ನಿಮಗೆ ಬೇಕಾಗಿರುವುದೂ ಅದೇ. ಐದನೆಯ ದಿನದವರೆಗೆ ಕಾಯುವ ಸಂಸ್ಥೆ ಉತ್ತಮ.

ಸ್ಪಿತಿಗೆ ಮನಾಲಿಯಿಂದ ಕುಂಜುಂ ಪಾಸ್ ದಾಟಿ ಹೋಗುವುದು ಹತ್ತಿರದ ದಾರಿಯಾದರೂ ಶಿಮ್ಲಾ, ಕಿನ್ನೌರ್, ತಾಬೊ ಮೂಲಕ ಹೋಗುವ ಉದ್ದದ ದಾರಿ ಶರೀರಕ್ಕೆ ಹಿತ, ಏರಿಕೆ ಅಲ್ಲಿ ಮೆಲ್ಲಗೆ ಆಗುತ್ತದೆ. ಅನ್ನಪೂರ್ಣ ಸುತ್ತಿನಲ್ಲಿ 3,540 ಮೀಟರಿನ ಮನಾಂಗ್‌ನಲ್ಲಿ ಎರಡು ರಾತ್ರಿ ತಂಗುವುದು ರೂಢಿ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಋತುಕಾಲದಲ್ಲಿ ಅಲ್ಲಿ ಚಿಕಿತ್ಸಾ ಕೇಂದ್ರ ನಡೆಸುತ್ತದೆ. ಅಲ್ಲಿಂದ ಮುಂದೆ 5,416 ಮೀಟರಿನ ಥೋರಾಂಗ್ ಲಾ ದಾಟುವಾಗ ಕೊನೆಯ ಸಾವಿರ ಮೀಟರ್ ಏರಿಕೆಯ ಬಹುಭಾಗದಲ್ಲಿ ಸೈಕಲ್ ನಿಮ್ಮ ಹೆಗಲ ಮೇಲಿರುತ್ತದೆ. ಆಮೇಲೆ ಮುಕ್ತಿನಾಥದವರೆಗೆ 1,600 ಮೀಟರಿಗೂ ಮಿಕ್ಕಿದ ಇಳಿತ, ಮರುದಿನ ಲುಬ್ರಾ ಹಳ್ಳಿಯ ಮೂಲಕ ಜೋಮ್‌ಸೋಮ್ ಕಡೆಗೆ ಇನ್ನೊಂದು. ಹೊತ್ತ ಶ್ರಮಕ್ಕೆ ಅದು ತಕ್ಕ ಪ್ರತಿಫಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಹಂತ 4: ಸಂಸ್ಥೆಗೆ ಲಿಖಿತವಾಗಿ ಪ್ರಶ್ನೆ ಕಳುಹಿಸಿ

ಫೋನಿನಲ್ಲಿ ಮಾತಾಡಿ ತೃಪ್ತರಾಗಬೇಡಿ, ಇಮೇಲ್ ಬರೆದು ಉತ್ತರ ಪಡೆಯಿರಿ. ಎಷ್ಟು ಸವಾರರಿಗೆ ಒಬ್ಬ ಗೈಡ್? ನಾಲ್ಕರಿಂದ ಆರು ಮಂದಿಗೆ ಒಬ್ಬರು, ಗುಂಪಿನ ಹಿಂದೆ ಬರುವ ಇನ್ನೊಬ್ಬರು ಇದ್ದರೆ ಸಮಾಧಾನ. ಗೈಡ್‌ಗೆ ದುರ್ಗಮ ಪ್ರದೇಶದ ಪ್ರಥಮ ಚಿಕಿತ್ಸೆಯ ತರಬೇತಿ ಇದೆಯೇ, ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ? ಆಮ್ಲಜನಕದ ಸಿಲಿಂಡರ್ ಜೊತೆಗೆ ಬರುವ ವಾಹನದಲ್ಲಿದೆಯೇ, ಒಬ್ಬ ರೋಗಿಗೆ ಅದು ಎಷ್ಟು ಗಂಟೆ ಸಾಕಾಗುತ್ತದೆ? ಕೈಗೆ ಸಿಗುವ ಸಣ್ಣ ಸ್ಪ್ರೇ ಡಬ್ಬಿಗಳನ್ನು ಆಮ್ಲಜನಕದ ವ್ಯವಸ್ಥೆ ಎಂದು ಲೆಕ್ಕಹಾಕಬೇಡಿ, ಅವು ಕೆಲವು ನಿಮಿಷಗಳಲ್ಲಿ ಮುಗಿಯುತ್ತವೆ. ಸರ್ಚು, ಅದರ ಮುಂದಿನ ಪಾಂಗ್‌ನಂಥ ಕಡೆ ತಂಗುವ ಕಾರ್ಯಕ್ರಮವಾದರೆ ಗಾಮೋ ಬ್ಯಾಗ್ ಇದೆಯೇ ಎಂದೂ ಕೇಳಿ. ರೋಗಿಯನ್ನು ಒಳಗೆ ಮಲಗಿಸಿ ಗಾಳಿ ಒತ್ತಿದರೆ ಸಾವಿರ ಮೀಟರಿಗೂ ಹೆಚ್ಚು ಕೆಳಗಿಳಿದಷ್ಟು ಪರಿಣಾಮ ಕೊಡುವ ಚೀಲ ಅದು.

ದಾರಿ ಸಿಂಗಲ್ ಟ್ರ್ಯಾಕ್ ಆಗಿರುವ ದಿನಗಳಲ್ಲಿ ಜೊತೆಯ ವಾಹನ ಬಹಳ ದೂರದಲ್ಲಿರುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ನಡುದಾರಿಯಲ್ಲಿ ಕಾಲು ಮುರಿದರೆ ವಾಹನ ಮುಟ್ಟುವ ಜಾಗಕ್ಕೆ ಹೇಗೆ ಒಯ್ಯುತ್ತೀರಿ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿ. ಇದಕ್ಕೆ ಹಳ್ಳಿ, ಕುದುರೆ, ಜನ, ಗಂಟೆ ಎಲ್ಲವನ್ನೂ ಹೆಸರಿಸಿ ಉತ್ತರಿಸುವವರನ್ನು ನಂಬಬಹುದು. "ಅಂಥದ್ದೇನೂ ಆಗುವುದಿಲ್ಲ ಸರ್" ಎಂದರೆ ಮುಂಗಡ ಹಣ ಕಳುಹಿಸಬೇಡಿ. ಕೊನೆಯದಾಗಿ, ಸವಾರನೊಬ್ಬ ಮುಂದುವರಿಯುವುದು ಬೇಡ ಎಂಬ ನಿರ್ಧಾರ ಯಾರದ್ದು? ಅದು ಗೈಡ್‌ನದ್ದು, ಅದರಲ್ಲಿ ಚೌಕಾಸಿಗೆ ಅವಕಾಶವಿಲ್ಲ ಎಂದು ಬರೆದುಕೊಡುವ ಸಂಸ್ಥೆಯೇ ಮೇಲು.

ಹಂತ 5: ವೈದ್ಯರು, ವಿಮೆ, ಕಾಗದಪತ್ರ

ಹೊರಡುವ ಎರಡು ತಿಂಗಳ ಮೊದಲೇ ವೈದ್ಯರನ್ನು ಕಾಣಿ. ನಲವತ್ತು ದಾಟಿದವರು, ರಕ್ತದೊತ್ತಡ, ಮಧುಮೇಹ, ಅಸ್ತಮಾ ಇರುವವರು, ಮನೆಯಲ್ಲಿ ಹೃದ್ರೋಗದ ಇತಿಹಾಸವಿರುವವರು ಹೃದಯದ ತಪಾಸಣೆ ಮಾಡಿಸಿಕೊಳ್ಳಲೇಬೇಕು. ಎತ್ತರದ ಕಾಯಿಲೆ ತಡೆಯಲು ವೈದ್ಯರು ಸಾಮಾನ್ಯವಾಗಿ ಬರೆದುಕೊಡುವ ಅಸೆಟಜೋಲಮೈಡ್ (ಅಂಗಡಿಯಲ್ಲಿ ಡಯಾಮಾಕ್ಸ್ ಎಂದು ಸಿಗುವುದು) ಮಾತ್ರೆಯನ್ನು ಏರುವ ಹಿಂದಿನ ದಿನದಿಂದ ಆರಂಭಿಸುತ್ತಾರೆ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಅದರ ಸಾಮಾನ್ಯ ಪರಿಣಾಮಗಳು. ಸಲ್ಫಾ ಔಷಧಿಗಳ ಅಲರ್ಜಿ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಸ್ನೇಹಿತರು ಕೊಟ್ಟರೆಂದು ಅವರ ಪ್ರಮಾಣದಲ್ಲೇ ನುಂಗುವುದು ತಪ್ಪು. ಮಾತ್ರೆ ತೆಗೆದುಕೊಂಡಿದ್ದೇನೆಂದು ರಾತ್ರಿಗಳ ಪಟ್ಟಿಯನ್ನು ಕಡೆಗಣಿಸುವುದು ಅದಕ್ಕಿಂತ ದೊಡ್ಡ ತಪ್ಪು.

ವಿಮೆಯ ಕರಾರಿನಲ್ಲಿ ಮೂರು ಸಂಗತಿಗಳನ್ನು ಹುಡುಕಿ: ಎತ್ತರದ ಮಿತಿ, ಮೌಂಟನ್ ಬೈಕಿಂಗ್ ಸೇರಿದೆಯೇ ಎಂಬುದು, ದುರ್ಗಮ ಸ್ಥಳದಿಂದ ಸಾಗಿಸುವ ಖರ್ಚು. ಹಲವು ಪಾಲಿಸಿಗಳು ಸಾಹಸ ಕ್ರೀಡೆಯನ್ನೇ ಹೊರಗಿಡುತ್ತವೆ.

ಲಡಾಖ್‌ನಲ್ಲಿ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಸಿಮ್ ಬದಲಾಯಿಸುವ ಕೆಲಸವನ್ನು ಪುಣೆಯಲ್ಲೇ ಮುಗಿಸಿಕೊಳ್ಳಿ. ಇನ್ನೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ: ವಿದೇಶಿ ಸವಾರರು ಹೊಗಳುವ ಉಪಗ್ರಹ ಸಂದೇಶ ಸಾಧನಗಳನ್ನು, ಸ್ಯಾಟಲೈಟ್ ಫೋನ್‌ಗಳನ್ನು ಭಾರತದಲ್ಲಿ ಪರವಾನಗಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬಿದ್ದವರ ಮೇಲೆ ಮೊಕದ್ದಮೆಗಳಾಗಿವೆ. ನೇಪಾಳಕ್ಕೆ ನಮಗೆ ವೀಸಾ ಬೇಕಿಲ್ಲ, ಪಾಸ್‌ಪೋರ್ಟ್ ಒಯ್ದರೆ ಸಾಕು. ಆದರೆ ಅನ್ನಪೂರ್ಣ ಭಾಗಕ್ಕೆ ಪ್ರವೇಶ ಪರವಾನಗಿ ಬೇಕು, ಅಪ್ಪರ್ ಮುಸ್ತಾಂಗ್‌ಗೆ ಪ್ರತ್ಯೇಕ ಪರವಾನಗಿಯೂ ಬೇಕು. ಅವನ್ನು ಸಂಸ್ಥೆಯೇ ಮಾಡಿಸುತ್ತದೆ.

ಹಂತ 6: ಸಹ್ಯಾದ್ರಿಯಲ್ಲಿ ತರಬೇತಿ

ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1,646 ಮೀಟರ್. ಊರಿಗೆ ಹೋದಾಗ ಅಭ್ಯಾಸ ಮಾಡುತ್ತೇವೆಂದರೂ ಕರ್ನಾಟಕದ ಮುಳ್ಳಯ್ಯನಗಿರಿ 1,930 ಮೀಟರಿಗೆ ಮುಗಿಯುತ್ತದೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರಿನ ಮೇಲೆ. ಅಂದರೆ ನಮ್ಮ ಎರಡೂ ರಾಜ್ಯಗಳಲ್ಲಿ ತೆಳುವಾದ ಗಾಳಿಗೆ ಶರೀರವನ್ನು ಒಗ್ಗಿಸಬಲ್ಲ ಒಂದು ಬೆಟ್ಟವೂ ಇಲ್ಲ. "ಎತ್ತರದ ತರಬೇತಿ"ಯ ಹೆಸರಿನಲ್ಲಿ ಮಾರುವ ಮುಖವಾಡಗಳೂ ಉಸಿರಾಟವನ್ನು ಕಷ್ಟಗೊಳಿಸುತ್ತವೆಯೇ ಹೊರತು ಗಾಳಿಯ ಒತ್ತಡವನ್ನು ಇಳಿಸುವುದಿಲ್ಲ. ಇಲ್ಲಿ ಸಂಪಾದಿಸಬಹುದಾದ್ದು ಎರಡೇ: ದೀರ್ಘಕಾಲ ತಾಳುವ ದಮ್ಮು ಮತ್ತು ಇಳಿಜಾರಿನ ಕೌಶಲ. ಎರಡನ್ನೂ ಧಾರಾಳವಾಗಿ ಸಂಪಾದಿಸಬಹುದು.

ನಾಲ್ಕು ತಿಂಗಳು ಮೊದಲು ಆರಂಭಿಸಿ. ವಾರದ ಹೆಚ್ಚಿನ ಸವಾರಿಗಳು ಜೊತೆಗಾರನೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಾ ಸಾಗಬಲ್ಲಷ್ಟು ನಿಧಾನವಾಗಿರಲಿ. ಎತ್ತರದಲ್ಲಿ ನಿಮಗೆ ದಕ್ಕುವುದು ಆ ವೇಗ ಮಾತ್ರ. 5,000 ಮೀಟರಿನಲ್ಲಿ ಶರೀರದ ಗರಿಷ್ಠ ಸಾಮರ್ಥ್ಯ ಸುಮಾರು ಮೂರನೆಯ ಒಂದು ಭಾಗ ಕುಗ್ಗಿರುತ್ತದೆ. ವಾರಾಂತ್ಯದಲ್ಲಿ ಶನಿವಾರ, ಭಾನುವಾರ ಎರಡೂ ದಿನ ಸತತವಾಗಿ ಏರಿರಿ. ಪುಣೆಯವರಿಗೆ ಸಿಂಹಗಡದ ರಸ್ತೆ ದೇವರು ಕೊಟ್ಟ ವರ. ಬುಡದಿಂದ ವಾಹನ ನಿಲುಗಡೆಯ ತನಕ ಸುಮಾರು 600 ಮೀಟರ್ ಏರಿಕೆ ಸಿಗುತ್ತದೆ. ಎರಡು ಸಲ ಏರಿದರೆ 1,200, ಮೂರಾದರೆ 1,800. ನಸುಕಿನ ಐದಕ್ಕೆ ಮನೆ ಬಿಡಿ, ಏಕೆಂದರೆ ಭಾನುವಾರ ಎಂಟರ ನಂತರ ಪಿಠಲೆ–ಭಾಕರಿಗೆ ಹೊರಟ ವಾಹನಗಳ ಸಾಲು ಇಡೀ ಘಾಟನ್ನು ತುಂಬಿಕೊಳ್ಳುತ್ತದೆ. ಲವಾಸಾ ಏರು, ತಾಮ್ಹಿಣಿ ಘಾಟ್, ವಾಯಿಯಿಂದ ಪಂಚಗಣಿಗೆ ಹೋಗುವ ಪಸರಣಿ ಘಾಟ್ ಸಹ ಒಳ್ಳೆಯವು. ಮುಂಬೈಯವರು ಠಾಣೆಯ ಯೇವೂರಿನ ಏರನ್ನು ಮತ್ತೆ ಮತ್ತೆ ಏರಬಹುದು, ತಿಂಗಳಿಗೊಮ್ಮೆ ಮಾಳಶೇಜ್ ಘಾಟ್ ಕಡೆಗೆ ಹೋಗಬಹುದು. ಅರಣ್ಯ ಇಲಾಖೆಯ ವ್ಯಾಪ್ತಿಯ ದಾರಿಗಳಲ್ಲಿ ಸೈಕಲ್‌ಗೆ ಅನುಮತಿ ಇದೆಯೇ ಎಂದು ವಿಚಾರಿಸಿಕೊಂಡೇ ಇಳಿಯಿರಿ.

ಇಳಿಜಾರಿನ ಅಭ್ಯಾಸಕ್ಕೆ ಸಂಬಂಧಿಸಿ ಒಂದು ಮಾತು. ಮಳೆಗಾಲದಲ್ಲಿ ಪಾಚಿಗಟ್ಟಿದ ನಮ್ಮ ಕಪ್ಪುಕಲ್ಲಿನ ಮೇಲೆ ಕಲಿತ ಪಾಠ ಲಡಾಖ್‌ನಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಅಲ್ಲಿನದು ಒಣ ಧೂಳು, ಚಕ್ರದ ಕೆಳಗೆ ಉರುಳುವ ಸಡಿಲ ಚೂರುಗಲ್ಲು. ಅದಕ್ಕೆ ಹತ್ತಿರವಾದದ್ದು ಮಾರ್ಚ್‌ನಿಂದ ಮೇ ತಿಂಗಳವರೆಗಿನ, ಹುಲ್ಲೆಲ್ಲ ಒಣಗಿ ಮಣ್ಣು ಪುಡಿಯಾದ ನಮ್ಮ ಗುಡ್ಡಗಳು. ಸೆಪ್ಟೆಂಬರ್ ಪ್ರವಾಸದವರು ಕೌಶಲದ ಅಭ್ಯಾಸವನ್ನು ಬೇಸಿಗೆಯಲ್ಲೇ ಮುಗಿಸಿ, ಮಳೆಗಾಲವನ್ನು ರಸ್ತೆಯ ಏರುಗಳಿಗೆ ಮೀಸಲಿಡುವುದು ಜಾಣತನ. ವಾರಕ್ಕೆರಡು ಸಲ ಬೆನ್ನು, ಹೆಗಲು, ತೊಡೆಗಳಿಗೆ ಭಾರದ ವ್ಯಾಯಾಮವೂ ಇರಲಿ.

ಹಂತ 7: ಸೈಕಲ್ ಸಿದ್ಧಪಡಿಸಿ

ಸಿಂಗಲ್ ಟ್ರ್ಯಾಕ್ ಪ್ರಧಾನವಾದ ಪ್ರವಾಸಕ್ಕೆ ಮುಂದೆ ಹಿಂದೆ ಎರಡೂ ಕಡೆ ಆಘಾತ ನುಂಗುವ ಫುಲ್ ಸಸ್ಪೆನ್ಷನ್ ಸೈಕಲ್, 130ರಿಂದ 150 ಮಿಲಿಮೀಟರ್ ಚಲನೆಯದ್ದು, ಸಾಕು. ಇಳಿಯುವಾಗ ಗುಂಡಿಯೊತ್ತಿ ಸೀಟನ್ನು ತಗ್ಗಿಸುವ ಡ್ರಾಪರ್ ಪೋಸ್ಟ್ ಅಗತ್ಯ. ಮುಂದಿನ ಹಲ್ಲುಗಾಲಿಯಲ್ಲಿ 30 ಅಥವಾ 32 ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ 50ಕ್ಕಿಂತ ಹೆಚ್ಚು ಇರಲಿ. ಪುಣೆಯಲ್ಲಿ ಎಂದೂ ಬಳಸದ ಆ ಕೊನೆಯ ಗೇರನ್ನು ಅಲ್ಲಿ ದಿನವಿಡೀ ಬಳಸುತ್ತೀರಿ. ಮನಾಲಿ–ಲೇಹ್‌ನಂಥ ರಸ್ತೆಪ್ರಧಾನ ಮಾರ್ಗಕ್ಕೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಹಗುರವೂ ಹೌದು, ಕೆಡುವುದೂ ಕಡಿಮೆ.

ಬ್ರೇಕ್ ವಿಷಯದಲ್ಲಿ ಜಿಪುಣತನ ಬೇಡ. ಖರ್ದುಂಗ್ ಲಾದಿಂದ ಲೇಹ್‌ವರೆಗೆ ಸುಮಾರು 40 ಕಿಲೋಮೀಟರ್ ಉದ್ದಕ್ಕೆ 1,800 ಮೀಟರಿಗೂ ಹೆಚ್ಚು ಇಳಿತವಿದೆ. ಹೊರಡುವ ಮೊದಲು ಹೈಡ್ರಾಲಿಕ್ ಬ್ರೇಕಿನ ದ್ರವ ಬದಲಿಸಿ, ಒಳಗಿನ ಗಾಳಿಯ ಗುಳ್ಳೆಗಳನ್ನು ತೆಗೆಸಿ. ಶಾಖ ತಾಳುವ ಲೋಹಮಿಶ್ರಿತ ಪ್ಯಾಡ್ ಹಾಕಿಸಿ, ಇನ್ನೆರಡು ಜೊತೆ ಚೀಲದಲ್ಲಿಡಿ. ಹೊಸ ಪ್ಯಾಡ್‌ಗಳನ್ನು ಒಂದೆರಡು ಘಾಟ್ ಇಳಿದು ಪಳಗಿಸಿಕೊಂಡೇ ಹೊರಡಿ.

ಟೈರಿನ ಗಾಳಿಯ ಬಗ್ಗೆ ಬಹಳ ಜನ ತಿಳಿಯದ ಒಂದು ಸಂಗತಿ ಇದೆ. ಹೊರಗಿನ ಗಾಳಿಯ ಒತ್ತಡ ಇಳಿದಂತೆ ಟೈರಿನೊಳಗಿನ ಒತ್ತಡ ಅದಕ್ಕೆ ಹೋಲಿಸಿದರೆ ಏರುತ್ತದೆ. ಪುಣೆಯಲ್ಲಿ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದ ಟೈರ್, ತಾಪಮಾನ ಒಂದೇ ಇದ್ದರೆ, ಲೇಹ್‌ನಲ್ಲಿ ಸುಮಾರು 29, ಖರ್ದುಂಗ್ ಲಾ ಮೇಲೆ ಸುಮಾರು 31 ತೋರಿಸುತ್ತದೆ. ಸಡಿಲ ಕಲ್ಲಿನ ಮೇಲೆ ಆ ಆರು ಪಿಎಸ್‌ಐ ಹಿಡಿತವನ್ನು ಕಸಿದುಕೊಳ್ಳಲು ಸಾಕು. ಸಣ್ಣ ಮಾಪಕವೊಂದನ್ನು ಜೇಬಿನಲ್ಲಿಟ್ಟುಕೊಂಡು ಇಳಿಯುವ ಮುನ್ನ ನೋಡಿ, ಬೇಕಾದರೆ ಗಾಳಿ ಬಿಡಿ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳಗಿನ ಕಾಲುಗಳಲ್ಲೂ ಹೀಗೆಯೇ ಗಾಳಿ ಒತ್ತಿಕೊಳ್ಳುತ್ತದೆ. ಗಾಳಿ ಬಿಡುವ ಗುಂಡಿ ಇರುವ ಫೋರ್ಕ್ ಆದರೆ ಒಮ್ಮೆ ಒತ್ತಿ.

ಹಿಂಬದಿಯ ಗೇರ್ ಯಂತ್ರವನ್ನು ಚೌಕಟ್ಟಿಗೆ ಹಿಡಿದಿಡುವ ಸಣ್ಣ ಲೋಹದ ತುಂಡಿಗೆ ಹ್ಯಾಂಗರ್ ಎನ್ನುತ್ತಾರೆ. ಅದು ಒಂದೊಂದು ಚೌಕಟ್ಟಿಗೂ ಬೇರೆ ಬೇರೆ, ಲೇಹ್‌ನಲ್ಲಿ ನಿಮ್ಮದಕ್ಕೆ ಸರಿಹೊಂದುವುದು ಸಿಗುತ್ತದೆಂದು ಎಣಿಸಬೇಡಿ. ಎರಡು ಒಯ್ಯಿರಿ. ಚೈನಿನ ಕೊಂಡಿ, ಟೈರ್ ಪ್ಲಗ್, ಎರಡು ಟ್ಯೂಬ್, ಟೈರಿನ ಸಣ್ಣ ತೂತು ಮುಚ್ಚುವ ಹೊಸ ಸೀಲೆಂಟ್ ದ್ರವ, ನಿಮ್ಮ ಅಳತೆಯ ಸ್ಪೋಕ್‌ಗಳು ಇಷ್ಟೂ ಇರಲಿ. ಸೈಕಲನ್ನು ಅಲ್ಲೇ ಬಾಡಿಗೆಗೆ ಪಡೆಯುವವರು ಮಾದರಿ, ವರ್ಷ, ಚೌಕಟ್ಟಿನ ಅಳತೆ ಕೇಳಿಕೊಂಡು ತಮ್ಮ ಪೆಡಲ್ ಮತ್ತು ಸೀಟನ್ನಾದರೂ ಒಯ್ಯಬೇಕು.

ಹಂತ 8: ಪ್ಯಾಕಿಂಗ್ ಮತ್ತು ಪ್ರಯಾಣ

ವಿಮಾನದಲ್ಲಿ ಸೈಕಲ್ ಪೆಟ್ಟಿಗೆಯನ್ನು ಕ್ರೀಡಾ ಸಾಮಗ್ರಿಯೆಂದು ಮುಂಚಿತವಾಗಿ ನಮೂದಿಸಿ. ಪೆಡಲ್ ಬಿಚ್ಚಿ, ಹಿಂದಿನ ಗೇರ್ ಯಂತ್ರ ಕಳಚಿ ಕಟ್ಟಿ, ಬ್ರೇಕ್ ಪ್ಯಾಡ್‌ಗಳ ನಡುವೆ ಪ್ಲಾಸ್ಟಿಕ್ ತುಂಡು ಇಟ್ಟು, ಕೊಳವೆಗಳಿಗೆ ಫೋಮ್ ಸುತ್ತಿ. ಟೈರಿನ ಗಾಳಿ ಇಳಿಸಿ, ಆದರೆ ಟ್ಯೂಬ್‌ಲೆಸ್ ಟೈರ್ ರಿಮ್ ಬಿಟ್ಟು ಕಳಚಿಕೊಳ್ಳದಷ್ಟು ಉಳಿಸಿ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಇ–ಬೈಕಿನ ಬ್ಯಾಟರಿ ಪ್ರಯಾಣಿಕರ ವಿಮಾನದಲ್ಲಿ ಹೋಗುವುದಿಲ್ಲ.

ಬಟ್ಟೆಯಲ್ಲಿ ಮುಖ್ಯವಾದದ್ದು ಒಳಪದರ. ಏರುವಾಗ ಬೆವರಿ ಒದ್ದೆಯಾದ ಬನಿಯನ್‌ನಲ್ಲೇ ಇಳಿದರೆ ಪಾಸ್‌ನ ಗಾಳಿ ಎಲುಬಿಗಿಳಿಯುತ್ತದೆ. ಒಣಗಿದ ಒಂದು ಜೊತೆ, ಗಾಳಿ ತಡೆಯುವ ಜಾಕೆಟ್, ಎರಡು ಜೊತೆ ಪೂರ್ಣ ಕೈಗವಸು ಬೆನ್ನಚೀಲದಲ್ಲೇ ಇರಲಿ, ವಾಹನದಲ್ಲಿ ಅಲ್ಲ. ಎತ್ತರದಲ್ಲಿ ಹಸಿವು ಸಾಯುತ್ತದೆ, ಡೇರೆಯ ನೂಡಲ್ಸ್ ಎರಡನೆಯ ದಿನಕ್ಕೆ ಗಂಟಲಿಗಿಳಿಯುವುದಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರಿಗೆ ನನ್ನ ಸಲಹೆಯೆಂದರೆ ಊರಿನಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತರಿಸಿಕೊಂಡು ಡಬ್ಬಿಯಲ್ಲಿ ಒಯ್ಯಿರಿ. ಕೆಡುವುದಿಲ್ಲ, ನಾಲಿಗೆಗೆ ಪರಿಚಿತ, ತಿನ್ನಲು ಮನಸ್ಸಾಗುತ್ತದೆ.

ಹಂತ 9: ಅಲ್ಲಿ ತಲುಪಿದ ಮೇಲೆ

ಮದ್ಯ ಮತ್ತು ನಿದ್ರೆ ಮಾತ್ರೆ ಬೇಡ; ಎರಡೂ ರಾತ್ರಿಯ ಉಸಿರಾಟವನ್ನು ತಗ್ಗಿಸುತ್ತವೆ. ನೀರು ಬಾಯಾರಿಕೆಗೆ ತಕ್ಕಂತೆ, ತುಸು ಹೆಚ್ಚೇ ಕುಡಿಯಿರಿ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಲೇಹ್‌ನಲ್ಲಿ 90ಕ್ಕಿಂತ ಕೆಳಗೆ ತೋರಿಸಿದೊಡನೆ ಗಾಬರಿಯಾಗಬೇಡಿ. ಮೊದಲ ದಿನಗಳಲ್ಲಿ ಅದು ಸಹಜ, ಬೆರಳು ತಣ್ಣಗಿದ್ದರೆ ಅಂಕಿ ಇನ್ನೂ ತಪ್ಪಾಗುತ್ತದೆ. ಅಂಕಿಗಿಂತ ಲಕ್ಷಣಗಳನ್ನು ಗಮನಿಸಿ.

ತಲೆನೋವಿನ ಜೊತೆಗೆ ಹಸಿವಿಲ್ಲದಿರುವುದು, ವಾಕರಿಕೆ, ಅತಿ ಸುಸ್ತು, ತಲೆತಿರುಗು ಇವುಗಳಲ್ಲಿ ಯಾವುದಾದರೂ ಸೇರಿದರೆ ಅದು ಎತ್ತರದ ಕಾಯಿಲೆ ಎಂದೇ ಭಾವಿಸಿ. ಆ ದಿನ ಮೇಲೇರಬೇಡಿ, ಗೈಡ್‌ಗೆ ತಿಳಿಸಿ. ತಲೆನೋವನ್ನು ಮಾತ್ರೆಯಿಂದ ಅಡಗಿಸಿಕೊಂಡು, ಗುಂಪಿಗೆ ಭಾರವಾಗಬಾರದೆಂದು ಸುಮ್ಮನೆ ಪೆಡಲ್ ತುಳಿಯುವುದು ನುರಿತ ಸವಾರರಲ್ಲೇ ಹೆಚ್ಚು ಕಾಣುವ ಚಾಳಿ. ಲಕ್ಷಣಗಳು ಎರಡು ಬಗೆಯಲ್ಲಿ ಉಲ್ಬಣಿಸಬಹುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ತುಟಿ ನೀಲಿಗಟ್ಟುವುದು ಕಾಣುತ್ತದೆ. ಮಿದುಳು ಊದಿಕೊಂಡರೆ ಮಾತು ತೊದಲುತ್ತದೆ, ಗೊಂದಲ ಕಾಣುತ್ತದೆ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲಾಗುವುದಿಲ್ಲ. ಈ ಎರಡರಲ್ಲಿ ಯಾವುದೇ ಆದರೂ ಆಮ್ಲಜನಕ ಕೊಡುತ್ತಾ ಕೂಡಲೇ ಕೆಳಗಿಳಿಸಬೇಕು, ರಾತ್ರಿಯಾದರೂ ಸರಿ, ಒಂಟಿಯಾಗಿ ಬಿಡದೆ.

ಸವಾರಿಯಲ್ಲಿ ಬೆಳಗಿನ ಹೊತ್ತನ್ನು ಬಳಸಿಕೊಳ್ಳಿ. ಹಿಮ ಕರಗುವುದರಿಂದ ದಾರಿಗಡ್ಡವಾಗಿ ಹರಿಯುವ ತೊರೆಗಳಲ್ಲಿ ಮಧ್ಯಾಹ್ನದ ನಂತರ ನೀರು ಏರುತ್ತದೆ. ಬೆಳಿಗ್ಗೆ ಮೊಣಕಾಲು ಮುಟ್ಟದ ತೊರೆ ಸಂಜೆಗೆ ಸೈಕಲನ್ನು ಸೆಳೆದೊಯ್ಯಬಹುದು. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದೇ ಇರಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು, ಆಮೇಲೆ ಪೂರ್ತಿ ಬಿಟ್ಟು, ಡಿಸ್ಕ್ ಆರಲು ಅವಕಾಶ ಕೊಡಿ. ಲಿವರ್ ಮೆತ್ತಗಾದರೆ, ಸುಟ್ಟ ವಾಸನೆ ಬಂದರೆ ನಿಂತುಬಿಡಿ, ಬಿಸಿ ಡಿಸ್ಕ್ ಮೇಲೆ ನೀರು ಸುರಿಯಬೇಡಿ. ಮಿಲಿಟರಿ ಟ್ರಕ್ಕುಗಳ ಸಾಲು ಬಂದಾಗ ಬೆಟ್ಟದ ಬದಿಗೆ ಸರಿದು ಇಳಿದು ನಿಲ್ಲಿ, ಕಂದಕದ ಬದಿಗೆ ಎಂದೂ ಬೇಡ.

ಊರಿಗೆ ಮರಳಿದ ವಾರದಲ್ಲೇ ಸೈಕಲನ್ನು ಸರ್ವಿಸ್‌ಗೆ ಕೊಡಿ. ಲಡಾಖ್‌ನ ನುಣುಪು ಧೂಳು ಹಬ್ ಬೇರಿಂಗ್, ಫೋರ್ಕಿನ ಸೀಲ್‌ಗಳ ಒಳಗೆ ಕುಳಿತಿರುತ್ತದೆ, ಮೇಲಿಂದ ತೊಳೆದರೆ ಹೋಗುವುದಿಲ್ಲ. ಕೆಮ್ಮು ಅಥವಾ ಏದುಸಿರು ಇನ್ನೂ ಉಳಿದಿದ್ದರೆ ವೈದ್ಯರ ಬಳಿ ಹೋಗಿ, ಯಾವ ದಿನ ಎಷ್ಟು ಎತ್ತರದಲ್ಲಿ ಮಲಗಿದ್ದಿರಿ ಎಂಬುದನ್ನೂ ಅವರಿಗೆ ಹೇಳಿ.